ಸೆಗಣಿ ಸಾರಿಸಿದ ಹೆದ್ದಾರಿ

ಪೆರಾಬೆಯ ಗೌರೀಶಂಕರ ಭಟ್ಟರಿಗೆ ಮೈಕು ಕಂಡರೆ ಆಗುವ ಸಂತೋಷ ಹಲಸಿನ ಹಣ್ಣು ಕಂಡರೂ ಆಗುವುದಿಲ್ಲ. ಮದುವೆ ಮನೆಯಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಯಾರಾದರೂ ‘ಎರಡು ಮಾತು’ ಎಂದು ಬಾಯಿ ತೆರೆಯುವಷ್ಟರಲ್ಲಿ ಭಟ್ಟರು ಶಾಲು ಸರಿಮಾಡಿಕೊಂಡು ಎದ್ದಾಗಿರುತ್ತದೆ. ಆ ಎರಡು ಮಾತು ಮುಗಿಯುವ ಹೊತ್ತಿಗೆ ಅಡುಗೆಯವರು ಸಾರನ್ನು ಇನ್ನೊಮ್ಮೆ ಬಿಸಿ ಮಾಡಬೇಕಾಗುತ್ತದೆ. ಇಂಥವರು ಒಂದು ಹೋರಾಟ ಸಮಿತಿಯ ಅಧ್ಯಕ್ಷರಾಗದೆ ಉಳಿದರೆ ಅದು ಊರಿಗೇ ಅವಮಾನ. ಹಾಗಾಗಿ ಕಡಬಕ್ಕೆ ಹೋಗುವ ಹೆದ್ದಾರಿಯನ್ನು ಅಗಲ ಮಾಡಬೇಕೆಂದು ಸಮಿತಿ ಹುಟ್ಟಿದ ದಿನವೇ ಭಟ್ಟರು ಅದರ ಅಧ್ಯಕ್ಷರಾದರು. ಇನ್ನೊಂದು ಹೆಸರನ್ನು ಯಾರೂ ಸೂಚಿಸಲಿಲ್ಲ, ಸೂಚಿಸಲು ಮೈಕು ಬೇಕಿತ್ತು, ಅದು ಭಟ್ಟರ ಕೈಯಲ್ಲಿತ್ತು.

ಹೆದ್ದಾರಿ ಎಂದೊಡನೆ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಎದುರಿನಿಂದ ಬಸ್ಸು ಬಂದರೆ ಸ್ಕೂಟರಿನವರು ಚರಂಡಿಯ ಅಂಚಿಗೆ ಇಳಿದು ನಿಂತು, ಬಸ್ಸು ಹೋದ ಮೇಲೆ ಮೈಯ ಧೂಳು ಕೊಡವಿಕೊಂಡು ಮತ್ತೆ ಹತ್ತಬೇಕಾದ ದಾರಿ ಅದು. ಸರ್ಕಾರದ ಕಾಗದದಲ್ಲಿ ಮಾತ್ರ ಅದಕ್ಕೆ ರಾಜ್ಯ ಹೆದ್ದಾರಿ ಎಂಬ ಬಿರುದಿತ್ತು. ಸಮಿತಿಯ ಸದಸ್ಯರೋ, ಹೆಚ್ಚಿನವರು ತೋಟಕ್ಕೂ ಮನೆಗೂ ನಡುವೆ ಓಡಾಡಿಕೊಂಡಿದ್ದವರು, ಕಡಬ ಪೇಟೆಗೆ ಹೋಗುವುದು ವಾರಕ್ಕೊಮ್ಮೆ, ಅದೂ ಯಾರದಾದರೂ ಕಾರಿನಲ್ಲಿ. ಸಮಿತಿಗೆ ಒಬ್ಬ ಹೆಂಗಸಾದರೂ ಬೇಕಲ್ಲ ಎಂದು ನೆರೆಮನೆಯ ಗುರುವಪ್ಪ ಗೌಡರ ಸೊಸೆ ಹರಿಣಾಕ್ಷಿಯನ್ನು ಜೊತೆ ಕಾರ್ಯದರ್ಶಿ ಮಾಡಿದ್ದರು. ಸುಳ್ಯ ಕಡೆಯಿಂದ ಮದುವೆಯಾಗಿ ಬಂದ ಆಕೆ ಕಡಬದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ರಸ್ತೆಗಾಗಿ ಹೋರಾಡುವ ಅಷ್ಟೂ ಮಂದಿಯಲ್ಲಿ ಆ ರಸ್ತೆಯಲ್ಲಿ ದಿನವೂ ಹೋಗಿ ಬರುತ್ತಿದ್ದವಳು ಅವಳೊಬ್ಬಳೇ. ಸಭೆಗಳಲ್ಲಿ ಅವಳಿಗೆ ಪ್ರಾರ್ಥನೆ ಹಾಡುವ ಕೆಲಸ ಕೊಡುತ್ತಿದ್ದರು.

ಅಂತೂ ಸರ್ಕಾರ ಒಪ್ಪಿತು, ಮೊದಲ ಕಂತಿನ ಹಣವನ್ನೂ ಬಿಟ್ಟಿತು. ರಸ್ತೆಗೆ ಜಾಗ ಬಿಟ್ಟುಕೊಡುವ ಸಭೆಯಲ್ಲಿ ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಭಟ್ಟರಿಗೆ ಆವೇಶ ಬಂತು. “ಊರಿಗೆ ರಸ್ತೆ ಬರುದಾದ್ರೆ ನನ್ನ ಅಂಗಳ ಮೊದಲು ಹೋಗ್ಲಿ!” ಎಂದು ಮೈಕಿನಲ್ಲಿ ಗುಡುಗಿದರು. ಚಪ್ಪಾಳೆಯೋ ಚಪ್ಪಾಳೆ. ಅಡಿಕೆ ಬೆಳೆಯುವವನಿಗೆ ಅಂಗಳವೆಂದರೆ ಮನೆಯ ಮುಂದಿನ ಬರಿ ಜಾಗವಲ್ಲ. ಕೊಯ್ದ ಅಡಿಕೆ ಒಂದೂವರೆ ತಿಂಗಳು ಮೈ ಚಾಚಿ ಬಿಸಿಲು ಕಾಯುವುದು ಅಲ್ಲಿಯೇ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಹುಲ್ಲು ಕೆತ್ತಿ, ನೆಲ ಪೆಟ್ಟಿಸಿ, ಸೆಗಣಿ ಸಾರಿಸಿ ಅದನ್ನು ಹೊಸದಾಗಿ ಮಾಡಬೇಕು. ಭಟ್ಟರ ಮನೆಯಲ್ಲಿ ಆ ಸಾರಿಸುವ ಕೆಲಸ ಮಾಡುತ್ತಿದ್ದವರು ಹೆಂಡತಿ ಈಶ್ವರಿ. ಮದುವೆಯಾಗಿ ಬೆಟ್ಟಂಪಾಡಿಯಿಂದ ಬಂದ ವರ್ಷದಿಂದ ಒಮ್ಮೆಯೂ ತಪ್ಪಿಸಿದ್ದಿಲ್ಲ.

ಸಭೆಯಿಂದ ಬಂದ ಗಂಡನಿಗೆ ಆಕೆ ನೀರು ತಂದಿಟ್ಟು ಹೇಳಿದರು: “ಅಂಗಳ ಕೊಟ್ಟು ಚಪ್ಪಾಳೆ ತಂದ್ರಿ. ಒಳ್ಳೆದಾಯ್ತು. ಈ ಸಲದ ಅಡಿಕೆಯನ್ನು ಚಪ್ಪಾಳೆಯ ಮೇಲೆ ಒಣಗಿಸುವ.”

ಭಟ್ಟರು ನೀರು ಕುಡಿದು ಲೋಟ ಕೆಳಗಿಟ್ಟರು. ಮನೆಯಲ್ಲಿ ಮೈಕು ಇರಲಿಲ್ಲ.

ಆಮೇಲೆ ಯಂತ್ರಗಳು ಬಂದವು. ಕಾಂಪೌಂಡು ಬಿತ್ತು, ಅಂಗಳದ ಮುಕ್ಕಾಲು ಪಾಲು ಅಗೆದು ಹೋಯಿತು. ಭಟ್ಟರ ಮನೆಯ ಆಚೆಯ ತಿರುವಿನಿಂದ ಈಚೆಯ ತಿರುವಿನವರೆಗೆ, ಹಳೆಯ ರಸ್ತೆಯ ಪಕ್ಕದಲ್ಲೇ, ಒಂದು ಬದಿಯ ಕಾಂಕ್ರೀಟು ಬಿತ್ತು. ಕನ್ನಡಿಯ ಹಾಗಿತ್ತು. ಅಷ್ಟಾಗುವಾಗ ಮೊದಲ ಕಂತು ಮುಗಿಯಿತು, ಎರಡನೆಯದು ಬರಲಿಲ್ಲ. ಕಾಮಗಾರಿ ನೋಡಿಕೊಳ್ಳುತ್ತಿದ್ದ ಫಯಾಝ್ ಯಂತ್ರಗಳನ್ನು ಲಾರಿಗೆ ಹತ್ತಿಸಿ, ಕಾಂಕ್ರೀಟಿನ ಎರಡೂ ತುದಿಗೆ ಅಡ್ಡಲಾಗಿ ಡ್ರಮ್ಮುಗಳನ್ನು ಇಟ್ಟ. “ಬಿಲ್ಲು ಆಗ್ಲಿಲ್ಲ ಭಟ್ರೇ. ದುಡ್ಡು ಬಿಟ್ಟ ಕೂಡ್ಲೆ ನಾವು ಬಂದಾಯ್ತು” ಎಂದು ಕೈಮುಗಿದು ಗುಂಡ್ಯದ ಕಡೆಗೆ ಹೋದವನು ಮತ್ತೆ ಕಾಣಲಿಲ್ಲ. ಕಾಂಕ್ರೀಟಿನ ತುದಿ ಹಳೆಯ ರಸ್ತೆಗಿಂತ ಒಂದು ಮೊಳ ಎತ್ತರದಲ್ಲಿ ನಿಂತಿತ್ತು. ಅದಕ್ಕೆ ಏರುವ ಮಣ್ಣಿನ ಇಳಿಜಾರು ಎರಡನೇ ಕಂತಿನಲ್ಲಿ ಬರಬೇಕಾದ ವಸ್ತು. ಹಾಗಾಗಿ ವಾಹನಗಳು ಮೊದಲಿನಂತೆಯೇ ಹೊಂಡದ ಹಳೆಯ ಪಟ್ಟಿಯಲ್ಲಿ ಕುಂಟಿಕೊಂಡು ಹೋಗುತ್ತಿದ್ದವು, ಪಕ್ಕದಲ್ಲಿ ಹೊಸ ರಸ್ತೆ ಆಕಾಶ ನೋಡುತ್ತ ಮಲಗಿತ್ತು. ಡ್ರಮ್ಮುಗಳೂ ಹೆಚ್ಚು ದಿನ ಅಲ್ಲಿ ನಿಲ್ಲಲಿಲ್ಲ. ಒಂದೊಂದಾಗಿ ಊರಿನ ಹಟ್ಟಿಗಳನ್ನು ಸೇರಿ ದನಗಳಿಗೆ ನೀರು ತುಂಬಿಡುವ ಉಪಕಾರಕ್ಕೆ ತೊಡಗಿದವು.

ಮಳೆ ಬಿಟ್ಟು ಮೊದಲ ಕೊಯ್ಲಿನ ಅಡಿಕೆ ಜಗಲಿಯಲ್ಲಿ ರಾಶಿ ಬಿತ್ತು. ಹಾಕಲು ಜಾಗವಿಲ್ಲ. ಭಟ್ಟರು ಎರಡು ದಿನ ಆ ಕಾಂಕ್ರೀಟನ್ನೇ ನೋಡಿದರು. ಮೂರನೇ ದಿನ, “ನಮ್ಮದೇ ಅಂಗಳದ ಮೇಲೆ ಉಂಟಲ್ಲ, ಸ್ವಲ್ಪ ದಿನಕ್ಕೆ ಹಾಕಿದ್ರೆ ಎಂತ?” ಎಂದರು. ಈಶ್ವರಿ ಬೇಡವೆನ್ನಲಿಲ್ಲ. ಆದರೆ ಅವರದೊಂದು ಷರತ್ತಿತ್ತು.

“ಸೆಗಣಿ ಸಾರಿಸದ ನೆಲದಲ್ಲಿ ಅಡಿಕೆ ಹಾಕುದುಂಟಾ? ನಮ್ಮಲ್ಲಿ ಹಾಗೆ ಕ್ರಮ ಇಲ್ಲ.”

“ಅದು ಕಾಂಕ್ರೀಟು ಮಾರಾಯ್ತಿ. ಹೆದ್ದಾರಿ.”

“ಹೆದ್ದಾರಿಯಾದ್ರೆ ಆಯ್ತು. ಅಡಿಕೆ ಹೆದ್ದಾರಿಯದ್ದಲ್ಲವಲ್ಲ.”

ಹೀಗೆ ಒಂದು ಬೆಳಗ್ಗೆ, ರಾಜ್ಯ ಹೆದ್ದಾರಿಯೊಂದರ ಮೇಲೆ ಈಶ್ವರಿಯವರು ಬಕೆಟ್ಟು ಮತ್ತು ಅಡಿಕೆ ಹಾಳೆ ಹಿಡಿದು ಬಗ್ಗಿ, ಹಸುರು ಸೆಗಣಿಯನ್ನು ಅರ್ಧಚಂದ್ರಾಕಾರವಾಗಿ ಎಳೆದೆಳೆದು ಸಾರಿಸಿದರು. ಹೋಗುವ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಅಡಿಕೆಯೋ, ಹಿಂದೆಂದೂ ಒಣಗದ ಹಾಗೆ ಒಣಗಿತು. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾಂಕ್ರೀಟಿನ ಕಾವು, ಮರದ ನೆರಳೇ ಇಲ್ಲ, ಏಕೆಂದರೆ ಮರಗಳನ್ನೆಲ್ಲ ಅಗಲೀಕರಣಕ್ಕೆಂದು ಮೊದಲೇ ಕಡಿದಾಗಿತ್ತು. ಅಡಿಕೆ ಕೊಳ್ಳಲು ಬಂದ ವ್ಯಾಪಾರಿ ಪೋಕರ್ ನಾಲ್ಕು ಕಾಯಿ ಕೈಯಲ್ಲಿ ಹಿಡಿದು ಕುಲುಕಿ, ಒಂದನ್ನು ಕತ್ತರಿಸಿ ನೋಡಿ ಬೆರಗಾದ.

“ಎಂತ ಬಣ್ಣ ಭಟ್ರೇ! ಇದು ಯಾವ ಅಂಗಳದ್ದು?”

“ಸರ್ಕಾರದ್ದು” ಎಂದರು ಭಟ್ಟರು. ಹೋರಾಟ ಶುರುವಾದಲ್ಲಿಂದ ಸರ್ಕಾರದ ಬಗ್ಗೆ ಅವರ ಬಾಯಿಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ಮರುವರ್ಷ ಗುರುವಪ್ಪ ಗೌಡರ ಅಡಿಕೆಯೂ ಬಂತು. ಅವರ ಅಂಗಳವೂ ರಸ್ತೆಯ ಪಾಲಾಗಿತ್ತು, ಬೇಡವೆನ್ನುವುದು ಹೇಗೆ? ಅವರ ಆಚೆಗೆ ಇನ್ನಿಬ್ಬರು ಬಂದರು. ಗಡಿ ತಂಟೆ ಬರಬಾರದೆಂದು ಅಧ್ಯಕ್ಷರೇ ನಿಂತು ಸುಣ್ಣದ ಗೆರೆ ಹಾಕಿಸಿದರು. ಹೊರ ಊರಿನವರು ಅದನ್ನು ಹೆದ್ದಾರಿ ಇಲಾಖೆಯ ಗೆರೆ ಎಂದೇ ತಿಳಿದರು. ಒಬ್ಬರು ಕೋಳಿ ಬಾರದಂತೆ ತಮ್ಮ ಪಾಲಿಗೆ ಬಲೆ ಕಟ್ಟಿದರು. ಇನ್ನೊಬ್ಬರು, ಆ ವರ್ಷ ಫಸಲು ಕಡಿಮೆಯೆಂದು, ತಮ್ಮ ಪಾಲಿನ ಹೆದ್ದಾರಿಯನ್ನು ಬೆಟ್ಟಂಪಾಡಿಯ ನೆಂಟರೊಬ್ಬರಿಗೆ ಬಾಡಿಗೆಗೆ ಕೊಟ್ಟರು. ಈಶ್ವರಿಯವರನ್ನು ನೋಡಿ ಎಲ್ಲರ ಮನೆಯ ಹೆಂಗಸರೂ ಸೆಗಣಿ ಸಾರಿಸಿದರು. ಎರಡೇ ವರ್ಷದಲ್ಲಿ ಆ ತಿರುವಿನಿಂದ ಈ ತಿರುವಿನವರೆಗೆ ಕಾಂಕ್ರೀಟಿನ ಒಂದು ಚೂರೂ ಕಣ್ಣಿಗೆ ಬೀಳದಾಯಿತು.

ಹಾಗೆಂದು ಹೋರಾಟ ನಿಂತಿತೇ? ಛೆ, ಛೆ. ಮಳೆ ಹಿಡಿದ ಕೂಡಲೇ ಹೋರಾಟ ಚಿಗುರುತ್ತಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಅಂಗಳದಲ್ಲಿ ಅಡಿಕೆ ಇರುವುದಿಲ್ಲ, ರಸ್ತೆಯಲ್ಲಿ ಹೊಂಡ ತುಂಬ ಇರುತ್ತದೆ. ಭಟ್ಟರು ಕೊಡೆ ಹಿಡಿದು ಪುತ್ತೂರಿಗೆ ಹೋಗಿ ಧರಣಿ ಕೂತು, “ಕೂಡಲೇ ಅನುದಾನ ಬಿಡುಗಡೆ ಮಾಡಲೇಬೇಕು!” ಎಂದು ಗುಡುಗುತ್ತಿದ್ದರು. ಅಧಿಕಾರಿಗಳು, “ಮಳೆ ಬಿಡಲಿ” ಎನ್ನುತ್ತಿದ್ದರು. ಮಳೆ ಬಿಟ್ಟ ಮೇಲೆ ಅಡಿಕೆ ಕೊಯ್ಲು ಬರುತ್ತಿತ್ತು. ಆಗ ಭಟ್ಟರು, “ಅಡಿಕೆ ಆಗಲಿ” ಎನ್ನುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಎಷ್ಟು ಹೊಂದಿಕೊಂಡಿದ್ದರೆಂದರೆ, ಸುಳ್ಯದ ಇನ್ನೊಂದು ರಸ್ತೆಯ ಹೋರಾಟಗಾರರು ಇವರಲ್ಲಿಗೆ ಬಂದು, ಇಷ್ಟು ವರ್ಷ ಹೋರಾಟವನ್ನು ಜೀವಂತ ಇಟ್ಟುಕೊಳ್ಳುವುದು ಹೇಗೆಂದು ಕೇಳಿ ತಿಳಿದುಕೊಂಡು ಹೋದರು.

ಹರಿಣಾಕ್ಷಿ ಮಾತ್ರ ಒಂದು ಮಾತನ್ನು ಬಿಡದೆ ಹೇಳುತ್ತಿದ್ದಳು. “ಭಟ್ರೇ, ಅನುದಾನ ಬರುವಾಗ ಬರ್ಲಿ. ಕಾಂಕ್ರೀಟಿನ ಎರಡು ತುದಿಗೆ ಒಂದೊಂದು ಪಿಕಪ್ ಮಣ್ಣು ಹಾಕಿದ್ರೆ ಇಷ್ಟು ದೂರವಾದ್ರೂ ಸ್ಕೂಟರ್ ಆಚೆಯಿಂದ ಹೋಗ್ತದೆ. ಈ ತಿರುವಿನಲ್ಲೇ ಹೊಂಡ ಜಾಸ್ತಿ. ಬಸ್ಸು ಬಂದ್ರೆ ಜೀವ ಕೈಯಲ್ಲಿ ಹಿಡ್ಕೊಳ್ಬೇಕು.”

“ಹಾಕುವ, ಹಾಕುವ. ಈ ಅಡಿಕೆ ಒಂದು ಎದ್ದ ಮೇಲೆ ಹಾಕುವ” ಎನ್ನುತ್ತಿದ್ದರು ಭಟ್ಟರು. ಒಂದು ಅಡಿಕೆ ಏಳುವಾಗ ಎರಡನೇ ಕೊಯ್ಲಿನದು ಬಂದಿರುತ್ತಿತ್ತು. ಅದು ಎದ್ದಾಗ ಮೂರನೆಯದು. ಮೂರನೆಯದು ಎದ್ದಾಗ ಮಳೆ.

ಹೀಗಿರುವಾಗ ಒಂದು ಜನವರಿಯಲ್ಲಿ ಜೀಪೊಂದು ಬಂದು ಭಟ್ಟರ ಮನೆಯ ಮುಂದೆ ನಿಂತಿತು. ಇಳಿದವರು ಹೊಸದಾಗಿ ಬಂದ ಯುವ ಇಂಜಿನಿಯರು. ಘಟ್ಟದ ಮೇಲಿನವರು, ಅಡಿಕೆಯನ್ನು ಎಲೆಯ ಜೊತೆ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಮೊದಲ ಕಂತಿನಲ್ಲಿ ಆದ ಕೆಲಸವನ್ನು ನೋಡಿ ವರದಿ ಕೊಟ್ಟರೆ ಎರಡನೇ ಕಂತು ಬಿಡುಗಡೆಯಾಗುವುದಿತ್ತು, ಅದಕ್ಕಾಗಿ ಬಂದಿದ್ದರು. ಭಟ್ಟರಿಗೆ ಇದೊಂದೂ ಗೊತ್ತಿರಲಿಲ್ಲ. ಜೀಪಿನ ಮೇಲೆ ಸರ್ಕಾರದ ಹೆಸರು ಕಂಡದ್ದೇ, ಹೆದ್ದಾರಿ ಆಕ್ರಮಿಸಿದ್ದಕ್ಕೆ ಕೇಸು ಹಾಕಲು ಬಂದಿದ್ದಾರೆ ಎಂದೇ ಅವರು ತಿಳಿದರು.

“ಏನ್ರೀ ಇದು?” ಎಂದು ಇಂಜಿನಿಯರು ಹರಡಿದ ಅಡಿಕೆಯನ್ನು ತೋರಿಸಿ ಕೇಳಿದರು.

“ಇದು ಅಂಗಳ ಸಾರ್. ಅಡಿಕೆ ಅಂಗಳ. ನಮ್ಮಲ್ಲಿ ಎಲ್ಲರಿಗೂ ಹೀಗೆಯೇ.”

“ಇಲ್ಲಿ ಕಾಂಕ್ರೀಟ್ ರಸ್ತೆ ಆಗಿದೆಯಂತಲ್ಲ. ಎಲ್ಲಿ ಅದು?”

ಭಟ್ಟರಿಗೆ ಅಭ್ಯಾಸಬಲ ಕೈ ಹಿಡಿಯಿತು. “ಎಲ್ಲಿಯ ರಸ್ತೆ ಸಾರ್! ಇಷ್ಟು ವರ್ಷದಿಂದ ಕೂಗ್ತಾ ಇದ್ದೇವೆ, ಎಲ್ಲಿ ಉಂಟು ರಸ್ತೆ? ಈ ಹೊಂಡವೇ ನಮ್ಮ ರಸ್ತೆ! ಸರ್ಕಾರಕ್ಕೆ ಕಣ್ಣಿಲ್ಲ, ಕಿವಿಯಿಲ್ಲ...” ಎಂದು ಧರಣಿಯ ಭಾಷಣವನ್ನೇ ಒಪ್ಪಿಸಿದರು. ಇಂಜಿನಿಯರು ಸಂಶಯದಿಂದ ಬೂಟಿನ ತುದಿಯಲ್ಲಿ ಅಡಿಕೆ ಸರಿಸಿ ನೆಲ ಕೆರೆದು ನೋಡಿದರು. ಸೆಗಣಿ ಎದ್ದು ಬಂತು. ಮುಖ ಹಿಂಡಿ ಹಿಂದೆ ಸರಿದು, ನಾಲ್ಕು ಫೋಟೋ ತೆಗೆದು, ಈಶ್ವರಿಯವರು ಕೊಟ್ಟ ಮಜ್ಜಿಗೆ ಕುಡಿದು ಹೊರಟುಹೋದರು.

“ರಸ್ತೆ ಇಲ್ಲ ಅಂತ ಹೇಳಿದ್ರಾ ನೀವು?” ಈಶ್ವರಿ ಕೇಳಿದರು.

“ಅದು ಹೋರಾಟದ ಭಾಷೆ. ನಿನಗೆ ಗೊತ್ತಾಗುದಿಲ್ಲ.”

ಅದು ಸರ್ಕಾರಕ್ಕೆ ಮಾತ್ರ ಚೆನ್ನಾಗಿ ಗೊತ್ತಾಯಿತು. ಫೆಬ್ರವರಿಯಲ್ಲಿ ಸಮಿತಿಯವರು ಪುತ್ತೂರಿನ ಕಚೇರಿಗೆ ಮನವಿ ಕೊಡಲು ಹೋದರು. ಅಡಿಕೆಯ ಕಾಲದಲ್ಲಿ ಭಟ್ಟರು ಹೊರಟದ್ದು ಹರಿಣಾಕ್ಷಿಯ ಒತ್ತಾಯಕ್ಕೆ. ಅವಳು ಅರ್ಧ ದಿನ ರಜೆ ಹಾಕಿದ್ದಳು. ಒಳಗೆ ಅಧ್ಯಕ್ಷರೊಬ್ಬರನ್ನೇ ಕರೆದರು. ಅಲ್ಲಿದ್ದ ಹಿರಿಯ ಅಧಿಕಾರಿ ಕನ್ನಡಕ ಮೇಲೆ ಮಾಡಿ ವಿವರಿಸಿದರು: ಮೊದಲ ಕಂತಿನ ರಸ್ತೆ ಸ್ಥಳದಲ್ಲಿ ಕಂಡುಬಂದಿಲ್ಲ. ಸೆಗಣಿ ಸಾರಿಸಿದ ಅಂಗಳ ಮಾತ್ರ ಕಂಡುಬಂದಿದೆ. ಇದನ್ನು ಸ್ಥಳೀಯ ಹೋರಾಟ ಸಮಿತಿಯ ಅಧ್ಯಕ್ಷರೇ ದೃಢಪಡಿಸಿದ್ದಾರೆ. ರಸ್ತೆ ಕಾಣದೆ ಎರಡನೇ ಕಂತು ಬಿಡುವ ಹಾಗಿಲ್ಲ. ಮಾರ್ಚ್ ಕೊನೆಯೊಳಗೆ ಕಾಣದಿದ್ದರೆ ಹಣ ವಾಪಸು ಹೋಗುತ್ತದೆ.

ಸತ್ಯ ಭಟ್ಟರ ನಾಲಿಗೆಯ ತುದಿಗೆ ಬಂದಿತ್ತು, ಹಿಂದಕ್ಕೆ ನುಂಗಿದರು. ಹೊರಗೆ ಬಂದಾಗ ಎಲ್ಲರೂ ಸುತ್ತುಗಟ್ಟಿದರು.

“ಎಂತ ಹೇಳಿದ್ರು ಭಟ್ರೇ?” ಹರಿಣಾಕ್ಷಿ ಕೇಳಿದಳು.

“ಪರಿಶೀಲನೆಯಲ್ಲಿ ಉಂಟಂತೆ.”

ಬಸ್ಸಿನಲ್ಲಿ ಬರುವಾಗ ಭಟ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಈಗಿರುವುದು ಕೊನೆಯ ಕೊಯ್ಲಿನ ಅಡಿಕೆ. ಅರ್ಧ ಒಣಗಿದೆ. ಈಗ ಎತ್ತಿ ರಾಶಿ ಹಾಕಿದರೆ ಬೂಸ್ಟು ಹಿಡಿದು ಪೋಕರ್ ಮುಖ ತಿರುಗಿಸುತ್ತಾನೆ. ತಮ್ಮೊಬ್ಬರದಲ್ಲ, ನಾಲ್ಕು ಮನೆಯದು. ಏಕೆ ಎತ್ತಬೇಕೆಂದು ಕೇಳಿದರೆ ತಾವು ಆಡಿದ ಮಾತನ್ನೂ ಹೇಳಬೇಕು. ಇನ್ನೂ ಸ್ವಲ್ಪ ಬಿಸಿಲು ಸಿಕ್ಕಲಿ, ಮಾರ್ಚಿನ ನಡುವಿಗೆ ಅಡಿಕೆ ಎತ್ತಿ, ಸದ್ದಿಲ್ಲದೆ ರಸ್ತೆ ತೊಳೆದು, ಇಂಜಿನಿಯರನ್ನು ಕರೆದು ತೋರಿಸಿದರಾಯಿತು. ಯಾರಿಗೂ ನಷ್ಟವಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಲೆಕ್ಕ ಅಷ್ಟು ಸರಿಯಾಗಿತ್ತು. ಅದರಲ್ಲಿ ಹರಿಣಾಕ್ಷಿಯ ಸ್ಕೂಟರನ್ನು ಮಾತ್ರ ಅವರು ಸೇರಿಸಿರಲಿಲ್ಲ.

ಮಾರ್ಚ್ ಎರಡನೇ ವಾರದ ಒಂದು ಬೆಳಗ್ಗೆ ಭಟ್ಟರು ಬರಿಗಾಲಿನಲ್ಲಿ ಅಡಿಕೆಯ ನಡುವೆ ಕಾಲೆಳೆಯುತ್ತ ಅದನ್ನು ಮಗುಚುತ್ತಿದ್ದರು. ಪಕ್ಕದ ಹಳೆಯ ಪಟ್ಟಿಯಲ್ಲಿ ಹರಿಣಾಕ್ಷಿ ಸ್ಕೂಟರಿನಲ್ಲಿ ಬಂದಳು, ಭಟ್ಟರನ್ನು ಕಂಡು ತಲೆಯಾಡಿಸಿದಳು. ಎದುರಿನ ತಿರುವಿನಿಂದ ಬಸ್ಸು ಬಂತು. ಅವಳು ಅಂಚಿಗೆ ಸರಿದಳು. ಅಂಚು ಕುಸಿಯಿತು. ಮುಂದಿನ ಗಾಲಿ ಹೊಂಡಕ್ಕೆ ಬಿದ್ದು ಸ್ಕೂಟರು ಮಗುಚಿ ಅವಳ ಕಾಲಿನ ಮೇಲೆ ಬಿತ್ತು. ಬಸ್ಸಿನವನು ಹೇಗೋ ಬ್ರೇಕು ಒತ್ತಿ ನಿಲ್ಲಿಸಿದ, ಅದೊಂದು ಪುಣ್ಯ. ಭಟ್ಟರು ಅಡಿಕೆಯ ಮೇಲೆ ಜಾರುತ್ತ ಏಳುತ್ತ ಓಡಿದರು. ಅವಳು ಬಿದ್ದ ಜಾಗಕ್ಕೂ ಕನ್ನಡಿಯಂಥ ಕಾಂಕ್ರೀಟಿಗೂ ನಡುವೆ ಕೈ ಚಾಚಿದರೆ ಮುಟ್ಟುವಷ್ಟು ದೂರವಿತ್ತು.

ತೊಡೆಯ ಮೂಳೆ ಮುರಿದಿತ್ತು. ಪುತ್ತೂರಿನ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಆಪರೇಷನ್ ಕೋಣೆಯ ಹೊರಗೆ ಗುರುವಪ್ಪ ಗೌಡರು ಬೆಂಚಿನಲ್ಲಿ ಭಟ್ಟರ ಪಕ್ಕ ಕೂತು, ಅವರ ಕೈ ಹಿಡಿದುಕೊಂಡರು.

“ಸರ್ಕಾರದವರಿಗೆ ಮನುಷ್ಯತ್ವ ಇಲ್ಲ ಭಟ್ರೇ. ನೀವೆಷ್ಟು ಓಡಾಡಿದ್ರಿ ಈ ರಸ್ತೆಗೆ! ನಿಮ್ಮ ಮಾತು ಕೇಳಿದ್ರೆ ಇವಳಿಗೆ ಹೀಗಾಗ್ತಿತ್ತಾ?”

ಭಟ್ಟರಿಗೆ ಆ ಕೈಯನ್ನು ಬಿಡಿಸಿಕೊಂಡು ಓಡಿಹೋಗೋಣ ಅನ್ನಿಸಿತು. ಇಷ್ಟು ವರ್ಷ ಸರ್ಕಾರಕ್ಕೆ ನಾಚಿಕೆಯಾಗಬೇಕು, ನಾಚಿಕೆಯಾಗಬೇಕು ಎಂದು ಕೂಗಿದ್ದರಲ್ಲ, ಆ ನಾಚಿಕೆ ಎಂಬುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಾದದ್ದು ಆವತ್ತು. ಆದರೂ ಗೌಡರಿಗೆ ಹೇಳಲು ಧೈರ್ಯ ಬರಲಿಲ್ಲ.

ಮನೆಗೆ ಬಂದವರು ಅಂಗಿ ಕಳಚಿ, ತಮ್ಮ ಪಾಲಿನ ಅಡಿಕೆಯನ್ನು ಎಳೆದು ರಾಶಿ ಮಾಡತೊಡಗಿದರು. ಈಶ್ವರಿ ಗೋಣಿ ಹಿಡಿದು ನಿಂತರು. ಮರುದಿನ ತೋಟದ ಪೈಪನ್ನು ರಸ್ತೆಗೆ ಎಳೆದು, ಗಂಡ ನೀರು ಬಿಟ್ಟರು, ಹೆಂಡತಿ ಕಡ್ಡಿಪೊರಕೆಯಲ್ಲಿ ಉಜ್ಜಿದರು. ವರ್ಷಗಟ್ಟಲೆ ಸಾರಿಸಿದ್ದನ್ನು ತೆಗೆಯುವುದು ಸಾರಿಸುವುದಕ್ಕಿಂತ ಕಷ್ಟ ಎಂದು ಈಶ್ವರಿ ಸೊಂಟ ಹಿಡಿದುಕೊಂಡು ಹೇಳಿದರು. ಹಸುರು ನೀರು ಚರಂಡಿಗೆ ಹರಿಯಿತು, ಅಡಿಯಿಂದ ಹೆದ್ದಾರಿ ನಿಧಾನಕ್ಕೆ ಮುಖ ತೋರಿಸಿತು. ಅದನ್ನು ನೋಡಿ ಗೌಡರ ಮನೆಯವರೂ ಅಡಿಕೆ ಎತ್ತಿದರು. ಉಳಿದಿಬ್ಬರು ಗೊಣಗಿದರು, ತಮ್ಮ ಗೆರೆಯ ಆಚೆಗೆ ಯಾರಿಗೇನು ಅಧಿಕಾರ ಎಂದು ಕೇಳಿದರು. ಬಾಡಿಗೆಗೆ ಕೊಟ್ಟವರಂತೂ, ಅವಧಿ ಮುಗಿಯದೆ ಬಿಡಿಸುವುದು ಹೇಗೆ ಎಂದು ನ್ಯಾಯ ಮಾತಾಡಿದರು. ಕೊನೆಗೆ ಅವರೂ ಎತ್ತಿದರು. ಎರಡು ತುದಿಗೂ ಮಣ್ಣು ಬಿತ್ತು. ಮೊದಲ ಸ್ಕೂಟರು ಅದರ ಮೇಲೆ ಹೋದಾಗ ಎಲ್ಲರೂ ನಿಂತು ನೋಡಿದರು.

ಭಟ್ಟರು ಇಂಜಿನಿಯರಿಗೆ ಫೋನು ಮಾಡಿದರು. ಜೀಪು ಬಂತು. ಇಂಜಿನಿಯರು ಇಳಿದು ಬೆಪ್ಪಾಗಿ ನಿಂತರು.

“ಇದೇನ್ ಸ್ವಾಮಿ, ಆವತ್ತು ಅಂಗಳ ಅಂದ್ರಿ?”

“ರಸ್ತೆಯೇ ಸಾರ್. ಆವತ್ತೂ ರಸ್ತೆಯೇ. ನಾನು ಹೆದರಿ ಸುಳ್ಳು ಹೇಳಿದ್ದು. ನನ್ನ ಅಂಗಳ ಇದರ ಅಡಿಯಲ್ಲಿ ಉಂಟು. ಎಷ್ಟೋ ಸಲ ನನಗೇ ಯಾವುದು ಯಾವುದು ಅಂತ ಗೊತ್ತಾಗುದಿಲ್ಲ.”

ಹೇಳಿದ ಮೇಲೆ ಭಟ್ಟರಿಗೆ ಎದೆ ಹಗುರಾಯಿತು. ಇಂಜಿನಿಯರಿಗೆ ಅಷ್ಟೇ ಭಾರವಾಯಿತು. ಅವರು ರಸ್ತೆಯ ಅಂಚಿನಲ್ಲಿ ಕುಕ್ಕರಿಸಿ ಕೂತರು.

“ಅಯ್ಯೋ ಸ್ವಾಮಿ, ಈಗ ರಸ್ತೆ ಇದೆ ಅಂತ ಬರೆದ್ರೆ ಹಿಂದಿನ ವರದಿ ಸುಳ್ಳು ಅಂತಾಗುತ್ತೆ. ಅದಕ್ಕೆ ವಿಚಾರಣೆ ಆಗ್ಬೇಕು. ವಿಚಾರಣೆ ಮುಗಿಯೋವರೆಗೂ ದುಡ್ಡು ಬರಲ್ಲ. ನನ್ನ ಕೆಲ್ಸನೂ ಉಳಿಯಲ್ಲ.” ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ತಾವೇ ದಾರಿ ಕಂಡುಕೊಂಡರು. “ಒಂದ್ ಕೆಲ್ಸ ಮಾಡೋಣ. ಆವತ್ತು ಅಂಗಳವೇ ಇತ್ತು. ಆಮೇಲೆ ಊರಿನವರು ಶ್ರಮದಾನ ಮಾಡಿ ರಸ್ತೆ ಮಾಡ್ಕೊಂಡ್ರು. ಹಾಗೆ ಬರೆದ್ರೆ ಯಾರದ್ದೂ ಸುಳ್ಳಾಗಲ್ಲ. ಮಣ್ಣು ನೀವೇ ಹಾಕಿದ್ದು ತಾನೇ?”

“ಮಣ್ಣು ನಾವೇ. ಆದ್ರೆ ಕಾಂಕ್ರೀಟು...”

“ಮಣ್ಣು ಅಂದ್ರೆ ಸಾಕು. ಈ ತಿಂಗಳೊಳಗೆ ವರದಿ ಹೋಗುತ್ತೆ, ದುಡ್ಡು ಬರುತ್ತೆ. ನಿಮಗೆ ರಸ್ತೆ ಬೇಕೋ ಬೇಡ್ವೋ?”

ರಸ್ತೆ ಬೇಕಿತ್ತು. ಆಸ್ಪತ್ರೆಯಲ್ಲಿ ಮಲಗಿದವಳಿಗಾಗಿಯಾದರೂ ಬೇಕಿತ್ತು. ಸತ್ಯ ಹೇಳಿ ಹಣವನ್ನು ಕಳೆಯುವುದೋ, ಇನ್ನೊಂದು ಸುಳ್ಳಿಗೆ ತಲೆಯಾಡಿಸಿ ಅದನ್ನು ಉಳಿಸುವುದೋ? ಭಟ್ಟರು ತಲೆಯಾಡಿಸಿದರು.

ಏಪ್ರಿಲ್ ಕೊನೆಯಲ್ಲಿ ಕಡಬದ ಸಭಾಭವನದಲ್ಲಿ ಭರ್ಜರಿ ಸಮಾರಂಭ. ಶ್ರಮದಾನದಿಂದ ಕಾಂಕ್ರೀಟು ಹೆದ್ದಾರಿ ಕಟ್ಟಿದ ಪೆರಾಬೆಯ ಸಾಧಕರಿಗೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಜೊತೆ ಕಾರ್ಯದರ್ಶಿಯೆಂದು ಹರಿಣಾಕ್ಷಿಯನ್ನೂ ಕರೆತಂದು, ಕಾಲು ಚಾಚಲು ಅನುಕೂಲವಾಗುವಂತೆ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ದೂರದಿಂದ ಬಂದ ಮುಖ್ಯ ಅತಿಥಿಗಳು ಭಾವಪರವಶರಾಗಿ ಮಾತಾಡಿದರು. ಇಂಥ ಜನರನ್ನು ತಾವು ಎಲ್ಲೂ ಕಂಡಿಲ್ಲವೆಂದರು. ಸರ್ಕಾರದ ಮುಖ ನೋಡದೆ ತಮ್ಮ ರಸ್ತೆಯನ್ನು ತಾವೇ ಮಾಡಿಕೊಳ್ಳುವ ಈ ಶಕ್ತಿಯ ಮೇಲೆ ಪೂರ್ಣ ನಂಬಿಕೆಯಿಟ್ಟು, ಈ ಹೆದ್ದಾರಿಯ ಉಳಿದ ಅನುದಾನವನ್ನು ಇಂಥ ಶಕ್ತಿಯಿಲ್ಲದ ಬೇರೊಂದು ತಾಲ್ಲೂಕಿಗೆ ವರ್ಗಾಯಿಸಲಾಗಿದೆ ಎಂದು ತಿಳಿಸಲು ಸಂತೋಷವಾಗುತ್ತದೆ ಎಂದರು. ಸಂತೋಷ ಎಂಬ ಮಾತು ಕೇಳಿ ಜನ ಚಪ್ಪಾಳೆ ತಟ್ಟಿದರು. ಏನಾಯಿತೆಂದು ಅವರಿಗೆ ತಿಳಿದದ್ದು ಆಮೇಲೆ.

ಭಟ್ಟರನ್ನು ಮಾತಿಗೆ ಕರೆದರು. ಅವರು ಪೇಟ ತೆಗೆದು ಕೈಯಲ್ಲಿ ಹಿಡಿದು, ಇದ್ದದ್ದನ್ನೆಲ್ಲ ಹೇಳಿಬಿಟ್ಟರು. ಕಾಂಕ್ರೀಟು ಸರ್ಕಾರದ್ದು, ಸೆಗಣಿ ನಮ್ಮದು, ರಸ್ತೆ ಇಲ್ಲವೆಂದು ಸುಳ್ಳು ಹೇಳಿ ಅನುದಾನ ತಡೆದವನು ನಾನೇ, ಗೊತ್ತಾದ ಮೇಲೂ ಅಡಿಕೆ ಒಣಗಲೆಂದು ಬಾಯಿ ಮುಚ್ಚಿಕೊಂಡೆ, ಹರಿಣಾಕ್ಷಿಯ ಕಾಲು ಮುರಿದದ್ದು ನನ್ನಿಂದ. ಸಭೆ ಮೊದಲು ನಕ್ಕಿತು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಷ್ಟು ದೊಡ್ಡ ಕೆಲಸ ಮಾಡಿಯೂ ಎಲ್ಲ ತಪ್ಪನ್ನೂ ತಲೆಯ ಮೇಲೆ ಹೊತ್ತುಕೊಳ್ಳುವ ವಿನಯ ಯಾರಿಗುಂಟು ಎಂದು ನಿರೂಪಕರು ಕಣ್ಣೊರೆಸಿಕೊಂಡರು. ಮುಖ್ಯ ಅತಿಥಿಗಳು ಎದ್ದು ಬಂದು ಭಟ್ಟರನ್ನು ತಬ್ಬಿಕೊಂಡರು.

ಜನ ಊಟಕ್ಕೆ ಎದ್ದ ಮೇಲೆ ಭಟ್ಟರು ಹರಿಣಾಕ್ಷಿಯ ಕುರ್ಚಿಯ ಹತ್ತಿರ ಹೋದರು. ಹಣ್ಣಿನ ಬುಟ್ಟಿಯನ್ನು ಅವಳ ಪಕ್ಕದಲ್ಲಿಟ್ಟರು.

“ನಾನು ಹೇಳಿದ್ದು ವಿನಯ ಅಲ್ಲ ಹರಿಣಾಕ್ಷಿ. ನಿನಗಾದ್ರೂ ಗೊತ್ತಾಯ್ತಲ್ಲ?”

“ಗೊತ್ತಾಯ್ತು ಭಟ್ರೇ” ಎಂದಳು ಅವಳು. ಕೋಪವೇನೂ ಇರಲಿಲ್ಲ, ಯೋಚನೆಯಲ್ಲಿದ್ದಳು. “ಆಸ್ಪತ್ರೆಯಲ್ಲಿ ಮಲಗಿದಾಗ ನಾನೂ ಅದನ್ನೇ ಯೋಚಿಸ್ತಿದ್ದೆ. ಆವತ್ತು ಬೆಳಗ್ಗೆ ನಮ್ಮ ಪಾಲಿನ ಅಡಿಕೆ ಹರಡಿದ್ದು ನಾನೇ. ಅಡಿಕೆ ಹರಡಿ, ಕೈ ತೊಳೆದು, ಸೀರೆ ಉಟ್ಟು ಸ್ಕೂಟರ್ ಹತ್ತಿದೆ. ಒಳ್ಳೆ ರಸ್ತೆಯಲ್ಲಿ ಅಡಿಕೆ ಉಂಟಲ್ಲ ಅಂತ ಹೊಂಡದ ರಸ್ತೆಯಲ್ಲಿ ಹೋದೆ. ನನಗೆ ಎಂತದೂ ವಿಚಿತ್ರ ಅನ್ನಿಸ್ಲೇ ಇಲ್ಲ.”